ಗೋಧಿ ಬಿಟ್ಟ ಮೇಲೆ ಬಾಯಾರಿಕೆ ಯಾಕೆ?

ನಮ್ಮ ಯಲ್ದೂರಿನ ಕಡೆ ಊಟ ಅಂದರೆ ಮುದ್ದೆ. ಹೊಲದಲ್ಲಿ ರಾಗಿ, ತೋಟದಲ್ಲಿ ಮಾವು. ಗೋಧಿಯನ್ನು ಅಂಗಡಿಯಿಂದ ತರಬೇಕು. ಆದರೂ ಈಗ ಮನೆಮನೆಯಲ್ಲೂ ಚಪಾತಿ, ಉಪ್ಪಿಟ್ಟು, ಬನ್ನು, ಬಿಸ್ಕತ್ತು ಬಂದಿದೆ.

ಹೆಚ್ಚಿನವರಿಗೆ ಗೋಧಿಯಿಂದ ಏನೂ ತೊಂದರೆ ಇಲ್ಲ. ಕೆಲವರಿಗೆ ಮಾತ್ರ ಅದು ಒಗ್ಗೋದಿಲ್ಲ. ಅಂಥವರಿಗೆ ಡಾಕ್ಟರು "ಗೋಧಿ ಬಿಡಿ" ಅಂತಾರೆ. ಬಿಟ್ಟ ಮೇಲೆ ಕೆಲವರಿಗೆ ಬಾಯಿ ಒಣಗುತ್ತೆ. ದಾಹ ಆಗುತ್ತೆ. ತಲೆ ಸುತ್ತುತ್ತೆ. ಯಾಕೆ ಹೀಗೆ? ನಾವು ತಿಳಿಯೋಣ.

ಗೋಧಿಯಲ್ಲಿ ಏನಿದೆ?

ಕಲಸಿದ ಗೋಧಿ ಹಿಟ್ಟನ್ನು ಎಳೆದು ನೋಡಿ. ರಬ್ಬರಿನ ಹಾಗೆ ಹಿಗ್ಗುತ್ತೆ. ರಾಗಿ ಹಿಟ್ಟು ಹಾಗೆ ಹಿಗ್ಗೋದಿಲ್ಲ. ಗೋಧಿಯಲ್ಲಿರುವ ಆ ಅಂಟಿಗೆ ಗ್ಲುಟೆನ್ ಅಂತ ಹೆಸರು. ಮೈದಾ, ರವೆ, ಶಾವಿಗೆ ಗೋಧಿಯಿಂದಲೇ ಆಗುವುದರಿಂದ ಅವುಗಳಲ್ಲೂ ಅದು ಇದೆ. ಬಾರ್ಲಿಯಲ್ಲೂ ಇದೆ. ರಾಗಿ, ಅಕ್ಕಿ, ಜೋಳ, ನವಣೆ, ಸಜ್ಜೆಯಲ್ಲಿ ಇಲ್ಲ.

ನಮ್ಮ ಕರುಳಿನ ಒಳಗೆ ಟರ್ಕಿ ಟವೆಲ್ಲಿನ ಹಾಗೆ ಸಣ್ಣ ಸಣ್ಣ ಎಳೆಗಳಿವೆ. ಅವು ಊಟದ ಸತ್ವವನ್ನೂ ನೀರನ್ನೂ ಹೀರುತ್ತವೆ. ಗ್ಲುಟೆನ್ ಒಗ್ಗದವರಲ್ಲಿ ಈ ಎಳೆಗಳು ಸವೆದು ಹೋಗುತ್ತವೆ. ಆಗ ಭೇದಿ, ರಕ್ತಹೀನತೆ, ಸುಸ್ತು ಬರುತ್ತವೆ. ಇದು ಸೀಲಿಯಾಕ್ ಕಾಯಿಲೆ.

ಇದಕ್ಕೆ ಗೋಧಿಯೇ ಕಾರಣ ಅಂತ ತೋರಿಸಿಕೊಟ್ಟವರು ಹಾಲೆಂಡ್ ದೇಶದ ಮಕ್ಕಳ ಡಾಕ್ಟರು ವಿಲ್ಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ, ಯುದ್ಧದಿಂದಾಗಿ ಅಲ್ಲಿ ಬ್ರೆಡ್ ಸಿಗದೆ ಹೋಯಿತು. ಈ ಕಾಯಿಲೆಯ ಮಕ್ಕಳು ಸುಧಾರಿಸಿದರು. ಬ್ರೆಡ್ ಮತ್ತೆ ಬಂತು, ಕಾಯಿಲೆಯೂ ಮರಳಿತು. 1950ರಲ್ಲಿ ಅವರು ಇದನ್ನು ಬರೆದು ಲೋಕಕ್ಕೆ ತಿಳಿಸಿದರು.

ದಾಹಕ್ಕೆ ಕಾರಣಗಳು

ಒಂದು, ಗೋಧಿ ಬಿಟ್ಟ ದಿನವೇ ಕರುಳು ವಾಸಿಯಾಗೋದಿಲ್ಲ. ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಭೇದಿ ಇದ್ದರೆ ಮೈಯ ನೀರು, ಉಪ್ಪು ಎರಡೂ ಹೋಗುತ್ತವೆ.

ಎರಡು, "ಏನು ತಿನ್ನಲಿ?" ಅಂತ ಹೆದರಿ ಊಟ ಕಡಿಮೆ ಮಾಡ್ತೀವಿ. ಮುದ್ದೆ, ಸಾರು, ಅನ್ನದಲ್ಲೂ ನೀರಿದೆ. ಊಟ ಕಡಿಮೆಯಾದರೆ ಆ ನೀರೂ ಕಡಿಮೆಯಾಗುತ್ತೆ.

ಮೂರು, ಚಪಾತಿ ಬದಲು ಚಕ್ಕುಲಿ, ಹಪ್ಪಳ, ಖಾರದ ಪುರಿ ತಿಂದರೆ ಹೊಟ್ಟೆಗೆ ಒಣ ಪದಾರ್ಥ, ಉಪ್ಪು ಹೆಚ್ಚು ಸೇರುತ್ತೆ. ಉಪ್ಪು ಹೆಚ್ಚಾದರೆ ದಾಹ ಹೆಚ್ಚು.

ನಾಲ್ಕು, ಸಕ್ಕರೆ ಕಾಯಿಲೆ. ಇದು ಮುಖ್ಯ. ಸೀಲಿಯಾಕ್ ಇರುವ ಕೆಲವರಿಗೆ ಸಕ್ಕರೆ ಕಾಯಿಲೆಯೂ ಬರುತ್ತೆ. ಎಷ್ಟು ಕುಡಿದರೂ ದಾಹ ತೀರದೆ, ಪದೇ ಪದೇ ಮೂತ್ರಕ್ಕೆ ಹೋಗುವ ಹಾಗಾದರೆ, ಮೈ ಇಳಿದರೆ, ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸಿ.

ಏನು ಮಾಡಬೇಕು?

ಬೆಳಿಗ್ಗೆ ಅಂಬಲಿ ಕುಡಿಯಿರಿ. ನೀರು ಮಜ್ಜಿಗೆ ಕುಡಿಯಿರಿ. ಮುದ್ದೆಗೆ ತೆಳು ಸಾರು ಇರಲಿ. ತೋಟಕ್ಕೆ, ಕೂಲಿಗೆ ಹೋಗುವಾಗ ನೀರಿನ ಬಾಟಲಿ ಮರೆಯಬೇಡಿ. ಹೊರಗೆ ಹೋಗಲು ಜಾಗ ಇಲ್ಲ ಅಂತ ಎಷ್ಟೋ ಅಕ್ಕಂದಿರು ನೀರೇ ಕುಡಿಯೋದಿಲ್ಲ. ಇದು ತಪ್ಪು. ಮೂತ್ರ ಕಡು ಹಳದಿಯಾದರೆ ನೀರು ಸಾಲದು ಅಂತ ತಿಳಿಯಿರಿ.

ಭೇದಿ ಆಗುತ್ತಿದ್ದರೆ ಬರೀ ನೀರು ಸಾಲದು. ಆಶಾ ಕಾರ್ಯಕರ್ತೆ ಕೊಡುವ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟು ನೀರಿಗೆ ಹಾಕಿ. ಪುಡಿ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟ ಚಹಾ ಚಮಚ ಉಪ್ಪು ಹಾಕಿ ಕಲಸಿ. ಸ್ವಲ್ಪ ಸ್ವಲ್ಪ ಕುಡಿಯಿರಿ. 24 ಗಂಟೆ ಕಳೆದರೆ ಚೆಲ್ಲಿಬಿಡಿ. ಸಕ್ಕರೆ ಕಾಯಿಲೆ, ಬಿ.ಪಿ., ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳಿ ಕುಡಿಯಬೇಕು.

ಕಣ್ಣು ಗುಳಿ ಬಿದ್ದರೆ, ನಾಲಗೆ ಒಣಗಿದರೆ, ಮೂತ್ರ ನಿಂತರೆ, ಕುಡಿದದ್ದೆಲ್ಲ ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಎರಡು ಮಾತು ನೆನಪಿಡಿ

ನೆರೆಮನೆಯವರ ಮಾತು ಕೇಳಿ ಗೋಧಿ ಬಿಡಬೇಡಿ. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಆಗಬೇಕು. ಮೊದಲೇ ಬಿಟ್ಟರೆ ಕಾಯಿಲೆ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಡಾಕ್ಟರು ಬಿಡಿ ಅಂದ ಮೇಲೆ ಪೂರ್ತಿ ಬಿಡಬೇಕು. ಅಂಗಡಿಯ ಇಂಗಿನ ಡಬ್ಬಿಯಲ್ಲೂ ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತೆ. ಚಕ್ಕುಲಿಗೆ, ಸಾರಿಗೆ ಹಾಕುವ ಇಂಗು ಅದೇ! ಹೀಗೆ ತಿಳಿಯದೆ ತಿಂದರೆ ಭೇದಿ ನಿಲ್ಲೋದಿಲ್ಲ, ದಾಹವೂ ನಿಲ್ಲೋದಿಲ್ಲ. ಅಕ್ಕಾ, ಈಗ ನಿಮಗೆ ಓದು ಬಂದಿದೆ. ಡಬ್ಬಿ ತಿರುಗಿಸಿ. ಗೋಧಿ, ಮೈದಾ, ರವೆ ಅಂತ ಇದೆಯಾ, ಹುಡುಕಿ. ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಲಿ ಓದಿಸಿ. ಆಮೇಲೆ ಕೊಳ್ಳಿ.