ಮುಚ್ಚಿದ ಬಾಗಿಲಿನ ಹಿಂದಿನ ಕಥೆ

ಕೊಯಮತ್ತೂರಿನಿಂದ ಅವಿನಾಶಿಯ ಮಾರ್ಗವಾಗಿ ತಿರುಪ್ಪೂರಿಗೆ ಹೋಗಿಬರುವ ನಮ್ಮ ಕನ್ನಡ ಕುಟುಂಬಗಳಿಗೆ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ಇಗರ್ಜಿ ಪರಿಚಿತವಾದುದೇ. ಅಂತಹ ಇಗರ್ಜಿಗಳಿಗೆಲ್ಲ ಪರಮಗುರುವೆನಿಸಿದ ಪೋಪರ ಚುನಾವಣೆಯನ್ನೇ ವಸ್ತುವಾಗಿಟ್ಟುಕೊಂಡು ಆಂಗ್ಲ ಲೇಖಕ ರಾಬರ್ಟ್ ಹ್ಯಾರಿಸರು 2016ರಲ್ಲಿ ‘ಕಾನ್‌ಕ್ಲೇವ್’ ಎಂಬ ಕಾದಂಬರಿಯನ್ನು ರಚಿಸಿದರು.

118 ಕಾರ್ಡಿನಲರು ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಬಾಗಿಲು ಮುಚ್ಚಿಕೊಂಡು ಗುಪ್ತಮತ ನೀಡುತ್ತಾರೆ. ಒಬ್ಬರಿಗೆ ಮೂರರಲ್ಲಿ ಎರಡು ಪಾಲು ಮತ ಬೀಳುವವರೆಗೂ ಮತದಾನ ಮುಗಿಯದು. ಪ್ರತಿಯೊಂದು ಸುತ್ತಿನ ಎಣಿಕೆಯೂ ಓದುಗರನ್ನು ಉಸಿರು ಬಿಗಿಹಿಡಿದು ಕೂರಿಸುತ್ತದೆಂಬುದನ್ನು ಬಹುಮಂದಿ ಮೆಚ್ಚಿದ್ದಾರೆ.

ಭಿನ್ನಾಭಿಪ್ರಾಯ ಮೂಡಿದ್ದು ಕೊನೆಯ ತಿರುವಿನಲ್ಲಿ. ಅದು ಧರ್ಮಸಭೆಗೆ ಎಸಗಿದ ಅಪಚಾರವೆಂದು ಕೆಲವರು ನೊಂದರೆ, ಮಾನವ ಕರುಣೆಗೆ ಒಡ್ಡಿದ ಪರೀಕ್ಷೆಯೆಂದು ಕೆಲವರು ಸ್ವಾಗತಿಸಿದರು. 2024ರಲ್ಲಿ ಕಥೆ ಚಲನಚಿತ್ರವಾದಾಗ ಅಮೆರಿಕದ ಬಿಷಪ್ ರಾಬರ್ಟ್ ಬ್ಯಾರನ್ನರು ಅದರಿಂದ ದೂರವಿರಿರೆಂದೇ ಜನರಿಗೆ ಹೇಳಿದರು. ಮರುವರ್ಷ ಮೇ 7 ಮತ್ತು 8ರಂದು ಆ ಬಾಗಿಲು ನಿಜವಾಗಿಯೇ ಮುಚ್ಚಿತು. ಭಾರತದ ನಾಲ್ವರೂ ಸೇರಿ 133 ಕಾರ್ಡಿನಲರು 14ನೆಯ ಲಿಯೋ ಅವರನ್ನು ಆರಿಸಿದರು.

ಕಾದಂಬರಿಯ ತಿರುಳಿರುವುದು ಕೊನೆಯ ತಿರುವಿನಲ್ಲಲ್ಲವೆಂದು ನನ್ನ ನಮ್ರ ಅಭಿಪ್ರಾಯ. ಚುನಾವಣೆಗೆ ಮುನ್ನ ಹಿರಿಯ ಕಾರ್ಡಿನಲ್ ಲೊಮೆಲಿ ತಮ್ಮ ಪ್ರವಚನದಲ್ಲಿ, ಸಂದೇಹವಿಲ್ಲದ ಖಚಿತತೆಯೇ ಭಯಂಕರವೆಂದು ಎಚ್ಚರಿಸುತ್ತಾರೆ. ತಾನೇ ಸರಿಯೆಂಬ ಹಟ ಪೀಠಗಳಲ್ಲಿ ಮಾತ್ರವಲ್ಲ, ಪಂಚಾಯಿತಿಯ ಕಟ್ಟೆಯಲ್ಲಿಯೂ ಮನೆಯ ಜಗಲಿಯಲ್ಲಿಯೂ ಇರುವಂಥದೇ. ಆದುದರಿಂದ ಓದುಗ ಬಂಧುಗಳು, ಯಾವ ಮತದವರೇ ಆಗಿರಲಿ, ಮುಕ್ತಾಯದ ಬಗೆಗೆ ತೀರ್ಪು ಕೊಡುವ ಮುನ್ನ ಆ ಪ್ರವಚನವನ್ನು ಮತ್ತೊಮ್ಮೆ ಓದುವುದು ಒಳಿತು.