ಜಿಪಿಎ ಇದ್ದರೆ ಸಾಕೆ?

ವಿದೇಶದಲ್ಲಿ ದುಡಿಯುವ ಅಣ್ಣ, ಊರಲ್ಲಿರುವ ತಮ್ಮನಿಗೆ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸುವ ಸಾಮಾನ್ಯ ಅಧಿಕಾರಪತ್ರ, ಬರೆದುಕೊಟ್ಟಿದ್ದಾನೆ ಎಂದಿಟ್ಟುಕೊಳ್ಳಿ. ಅಣ್ಣನಿಂದ ಸಾಲ ಪಡೆದವರು ಕೊಟ್ಟ ಚೆಕ್ ಬೌನ್ಸ್ ಆಗಿದೆ. ವಕೀಲರ ಫೀಸು ಉಳಿಯಲಿ ಎಂದು ತಮ್ಮನೇ ಕೇಸು ನಡೆಸಲು ಹೊರಡುತ್ತಾನೆ.

ಚೆಕ್ ಬೌನ್ಸ್ ಪ್ರಕರಣ ನಿಲ್ಲುವುದು ದಿನಾಂಕಗಳ ಮೇಲೆ. ಹಣ ಪಾವತಿಯಾಗಿಲ್ಲವೆಂದು ಬ್ಯಾಂಕು ತಿಳಿಸಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಕೈಸೇರಿದ ಮೇಲೆ ಹಣ ಕಟ್ಟಲು ಸಾಲಗಾರನಿಗೆ 15 ದಿನ. ಆಗಲೂ ಕಟ್ಟದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು ದಾಖಲಿಸಬೇಕು. ದೂರು ತಡವಾದರೆ, ಸಕಾರಣವಿದ್ದಲ್ಲಿ ನ್ಯಾಯಾಲಯ ಮನ್ನಿಸಬಹುದು. ನೋಟಿಸ್ ತಡವಾದರೆ ಮನ್ನಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಚೆಕ್ಕಿನ ಮೂರು ತಿಂಗಳ ವಾಯಿದೆಯೂ ಮುಗಿದಿದ್ದರೆ ಆ ಚೆಕ್ ಹಿಡಿದು ಕ್ರಿಮಿನಲ್ ದೂರು ಕೊಡುವ ದಾರಿ ಮುಚ್ಚಿತು. ಸಾಲ ನಿಜವೇ ಆಗಿದ್ದರೂ ಅಷ್ಟೇ.

ದಿನಾಂಕಗಳೆಲ್ಲ ಸರಿಯಿದ್ದರೂ ಸಾಕ್ಷ್ಯದ ತೊಡಕು ಉಳಿಯುತ್ತದೆ. ಜಿಪಿಎ ಪಡೆದವರು ಇಂಥ ದೂರು ಕೊಡಬಹುದು, ಸಾಕ್ಷಿ ನುಡಿಯಲೂಬಹುದು ಎಂದು ಸುಪ್ರೀಂ ಕೋರ್ಟ್ 2013ರ ಎ.ಸಿ. ನಾರಾಯಣನ್ ಪ್ರಕರಣದಲ್ಲಿ ಹೇಳಿತು. ಆದರೆ ಅವರು ವ್ಯವಹಾರವನ್ನು ಕಂಡಿರಬೇಕು ಇಲ್ಲವೇ ಅದರ ಸರಿಯಾದ ಅರಿವು ಅವರಿಗಿರಬೇಕು, ಅದನ್ನು ದೂರಿನಲ್ಲೇ ಸ್ಪಷ್ಟವಾಗಿ ಬರೆದಿರಬೇಕು. ಅಣ್ಣ ಹಣ ಎಣಿಸಿಕೊಟ್ಟಾಗ ತಮ್ಮ ಅಲ್ಲಿರದೆ, ವ್ಯವಹಾರದ ಅರಿವೂ ಅವನಿಗಿಲ್ಲದಿದ್ದರೆ, ಅವನ ಮಾತು ಕೇಳಿಕೆಯ ಮಾತಾಗುತ್ತದೆ.

ಇನ್ನು ವಾದ ಮಂಡಿಸುವ ವಿಚಾರ. 1961ರ ವಕೀಲರ ಕಾಯ್ದೆಯ ಪ್ರಕಾರ ನ್ಯಾಯಾಲಯದಲ್ಲಿ ವಕೀಲಿ ಮಾಡುವ ಹಕ್ಕು ನೋಂದಾಯಿತ ವಕೀಲರಿಗೆ ಮಾತ್ರ. ಅದೇ ಕಾಯ್ದೆಯ 32ನೇ ಕಲಂ, ನಿರ್ದಿಷ್ಟ ಪ್ರಕರಣದಲ್ಲಿ ಬೇರೆಯವರಿಗೂ ಅನುಮತಿ ನೀಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಅದು ಅನುಮತಿಯೇ ಹೊರತು ಹಕ್ಕಲ್ಲ. ಕುವೈತ್‌ನಲ್ಲಿದ್ದ ದಂಪತಿಯ ಪರವಾಗಿ ಜಿಪಿಎ ಹಿಡಿದು ಬಂದವರ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಆರೋಪಿಯ ಪರ ನಿಲ್ಲಲು ಅಧಿಕಾರಪತ್ರವೊಂದೇ ಸಾಲದು.

ಈ ಬಿಗಿಗೆ ಕಾರಣವಿದೆ. ಕೋರ್ಟಿನಲ್ಲಾಗುವ ಅನೇಕ ತಪ್ಪುಗಳನ್ನು ಆಮೇಲೆ ತಿದ್ದಲಾಗದು. ಪಾಟೀ ಸವಾಲಿನಲ್ಲಿ ಪ್ರಶ್ನಿಸದೆ ಬಿಟ್ಟ ಹೇಳಿಕೆಯನ್ನು ಎದುರು ಪಕ್ಷ ಒಪ್ಪಿಕೊಂಡಿದೆ ಎಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಸಿವಿಲ್ ದಾವೆಯಲ್ಲಿ ಒಮ್ಮೆ ಅಂತಿಮವಾಗಿ ತೀರ್ಮಾನವಾದ ವಿಷಯವನ್ನು ಅದೇ ಪಕ್ಷಗಾರರು ಹೊಸ ದಾವೆ ಹೂಡಿ ಕೆದಕುವಂತಿಲ್ಲ. ಕಕ್ಷಿದಾರ ತನ್ನ ವಕೀಲರಿಗೆ ಹೇಳಿದ ಗುಟ್ಟಿಗೆ ಸಾಕ್ಷ್ಯ ಕಾನೂನಿನ ರಕ್ಷಣೆಯಿದೆ. ಪರಿಚಯದ 'ಕಾನೂನು ಬಲ್ಲವ'ರಿಗೆ ಹೇಳಿದ್ದಕ್ಕೆ ಆ ರಕ್ಷಣೆಯಿಲ್ಲ. ವಕೀಲರು ದುರ್ನಡತೆ ತೋರಿದರೆ ವಕೀಲರ ಪರಿಷತ್ತು ಸನದನ್ನೇ ಕಿತ್ತುಕೊಳ್ಳಬಹುದು. ಸನದೇ ಇಲ್ಲದವರ ಮೇಲೆ ಪರಿಷತ್ತಿಗೆ ಅಂಥ ಹಿಡಿತವಿಲ್ಲ.

ವಕೀಲರಲ್ಲದವರು ಚೆನ್ನಾಗಿ ಕೆಲಸ ಮಾಡುವ ಕಡೆಗಳೂ ಇವೆ. ಕಾರ್ಮಿಕ ವಿವಾದಗಳ ವಿಚಾರಣೆಯಲ್ಲಿ ಯೂನಿಯನ್ ಪದಾಧಿಕಾರಿ ಕಾರ್ಮಿಕನ ಪರ ನಿಲ್ಲುತ್ತಾರೆ, ಗ್ರಾಹಕ ಆಯೋಗದಲ್ಲಿ ಪ್ರತಿನಿಧಿ ವಾದಿಸಬಹುದು. ಅಲ್ಲಿ ವಿಧಿವಿಧಾನ ಸಡಿಲವಾಗಿದೆ. ಆ ಅನುಭವವನ್ನೇ ನಂಬಿಕೊಂಡು ಸಿವಿಲ್ ಕೋರ್ಟಿಗೆ ನಡೆದರೆ ಪೆಟ್ಟು ಬೀಳುತ್ತದೆ.

ಈಗ ಕೃತಕ ಬುದ್ಧಿಮತ್ತೆ ಅಪಾಯವನ್ನು ಹಿಗ್ಗಿಸುತ್ತಿದೆ. ಕ್ಷಣದಲ್ಲಿ ಅರ್ಜಿ ಬರೆದುಕೊಡುವ ಈ ತಂತ್ರಾಂಶಗಳು ಮುಂದೆ ಬರಬಹುದಾದ ಪದಗಳನ್ನು ಊಹಿಸಿ ವಾಕ್ಯ ಕಟ್ಟುತ್ತವೆ, ಆದ್ದರಿಂದ ಇಲ್ಲದ ತೀರ್ಪನ್ನೂ ನಂಬುವಂತೆ ಉಲ್ಲೇಖಿಸಬಲ್ಲವು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರಿನಲ್ಲಿ ನೀಡಿದ ಆದೇಶವೊಂದರಲ್ಲಿ ಎಲ್ಲೂ ಇಲ್ಲದ ತೀರ್ಪುಗಳ ಹೆಸರು ಸೇರಿ, ಆದೇಶವನ್ನೇ ಹಿಂಪಡೆಯಬೇಕಾಯಿತು. ತಜ್ಞರೇ ಕೂತಿರುವ ಕಡೆ ಹೀಗಾದರೆ, ತೀರ್ಪಿನ ಮೂಲವನ್ನು ಎಲ್ಲಿ ಹುಡುಕಬೇಕೆಂದೇ ತಿಳಿಯದವರು ಸುಳ್ಳನ್ನು ಹೇಗೆ ಹಿಡಿದಾರು?

ಜನ ಹೀಗೆ ವಕೀಲರಲ್ಲದವರನ್ನು ಅವಲಂಬಿಸಲು ಫೀಸಿನ ಭಯವೂ ಕಾರಣ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಉಚಿತ ವಕೀಲರನ್ನು ಕೊಡಿಸುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಇದಕ್ಕೆ ಅರ್ಹರು. ಇವರಿಗೆ ಆದಾಯದ ಮಿತಿಯಿಲ್ಲ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ನೋಟಿಸಿನ 30 ದಿನ ಓಡುತ್ತಿರುವಾಗಲೇ ಆ ಕರೆ ಮಾಡಬೇಕು.