ಗೋದಾವರಿ ತೀರದಲ್ಲಿ ಗ್ರೀಕ್ ಅಕ್ಷರ

ದಿಂಡೋರಿಗೆ ಕೆಲಸಕ್ಕೆಂದು ಬಂದ ಮೊದಲ ವರ್ಷದ ಮಾತು. ಒಂದು ಭಾನುವಾರ ನಾಸಿಕದ ಗೋದಾವರಿ ಘಾಟಿನಲ್ಲಿ ಬಟ್ಟೆ ಹಾಸಿ ಹಳೆಯ ನಾಣ್ಯ ಮಾರುತ್ತಿದ್ದವನೊಬ್ಬ "ರೋಮನ್ ಹೈ ಸಾಬ್" ಎಂದ. ಮುನ್ನೂರು ರೂಪಾಯಿ ಕೊಟ್ಟು ತಂದೆ. ತಿಳಿದವರೊಬ್ಬರಿಗೆ ತೋರಿಸಿದರೆ, ಅವರು ನಾಣ್ಯದ ಮೇಲಿನ ಮುಖ ನೋಡಲಿಲ್ಲ, ಅಂಚು ನೋಡಿದರು. ಸುತ್ತಲೂ ಸಣ್ಣ ಗೆರೆ. ಎರಡು ಅಚ್ಚು ಜೋಡಿಸಿ ಎರಕ ಹೊಯ್ದ ಗುರುತು! ರೋಮನ್ನರು ಬೆಳ್ಳಿ ನಾಣ್ಯವನ್ನು ಎರಡು ಠಸ್ಸೆಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರಂತೆ. ಹೀಗೆ ದುಡ್ಡು ಕಳೆದುಕೊಂಡೇ ನನಗೆ ಈ ಹವ್ಯಾಸ ಅಂಟಿತು.

ಕಲಿಯುವವರಿಗೆ ನಾಸಿಕ ಒಳ್ಳೆಯ ಜಾಗ. ತ್ರ್ಯಂಬಕೇಶ್ವರದ ರಸ್ತೆಯಲ್ಲಿರುವ ಅಂಜನೇರಿಯಲ್ಲಿ ನಾಣ್ಯಶಾಸ್ತ್ರಕ್ಕೆಂದೇ ಒಂದು ಸಂಶೋಧನಾ ಸಂಸ್ಥೆ, ನಾಣ್ಯಗಳ ಮ್ಯೂಸಿಯಂ ಇವೆ. ಸಂಸ್ಥೆ ಶುರುವಾದದ್ದು 1980ರಲ್ಲಿ.

ಈ ಜಿಲ್ಲೆಯ ನಾಣ್ಯದ ಕಥೆಗಳಲ್ಲಿ ದೊಡ್ಡದು ಜೋಗಲಟೆಂಭಿಯದು. 1906ರಲ್ಲಿ ಆ ಹಳ್ಳಿಯಲ್ಲಿ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಒಂದೇ ಕಡೆ ಸಿಕ್ಕವು. ಎಲ್ಲವೂ ಕ್ಷಹರಾತ ವಂಶದ ನಹಪಾನನವು. ಒಂದು ಬದಿಯಲ್ಲಿ ರಾಜನ ಮುಖ, ಸುತ್ತ ಗ್ರೀಕ್ ಅಕ್ಷರ. ಇನ್ನೊಂದು ಬದಿಯಲ್ಲಿ ಬಾಣ, ವಜ್ರಾಯುಧ, ಜೊತೆಗೆ ಬ್ರಾಹ್ಮಿ ಮತ್ತು ಖರೋಷ್ಠಿ. ಲಿಪಿ ಗ್ರೀಕ್ ಆದರೂ ಭಾಷೆ ಗ್ರೀಕ್ ಅಲ್ಲ, ಪ್ರಾಕೃತ. ನಾವು ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದಿಲ್ಲವೇ, ಹಾಗೆ.

ಗ್ರೀಕ್ ಅಕ್ಷರವೇ ಏಕೆ? ಮೊದಲನೇ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಗ್ರಂಥದಲ್ಲಿ ಇದಕ್ಕೆ ಸುಳಿವಿದೆ. ಅಪೊಲೊಡೋಟಸ್, ಮಿನಾಂಡರ್ ಎಂಬ ಗ್ರೀಕ್ ರಾಜರ ಹಳೆಯ ನಾಣ್ಯಗಳು ಬರುಕಚ್ಛದಲ್ಲಿ, ಅಂದರೆ ಇಂದಿನ ಭರೂಚಿನಲ್ಲಿ, ಇನ್ನೂ ಚಲಾವಣೆಯಲ್ಲಿವೆ ಎನ್ನುತ್ತದೆ ಅದು. ಜನ ನಂಬಿದ್ದ ನಾಣ್ಯದ ರೂಪವನ್ನೇ ಹೊಸ ರಾಜರೂ ಹಿಡಿದರು. ಅದೇ ಬಂದರಿಗೆ ರೋಮಿನ ಚಿನ್ನ, ಬೆಳ್ಳಿಯ ನಾಣ್ಯಗಳೂ ಇಟಲಿಯ ವೈನೂ ಬರುತ್ತಿದ್ದವು. ಪೈಠಣದಿಂದ ಗಾಡಿಗಳಲ್ಲಿ ಬೆಲೆಬಾಳುವ ಕಲ್ಲು ಹೋಗುತ್ತಿತ್ತು. ಈಗ ದಿಂಡೋರಿಯ ದ್ರಾಕ್ಷಿಯೇ ವೈನ್ ಆಗುತ್ತಿದೆ, ಅದು ಬೇರೆ ಮಾತು.

ಜೋಗಲಟೆಂಭಿಯ ನಾಣ್ಯಗಳಲ್ಲಿ ಇನ್ನೊಂದು ವಿಶೇಷವಿತ್ತು. ಸುಮಾರು 9,000ಕ್ಕೂ ಹೆಚ್ಚು ನಾಣ್ಯಗಳಲ್ಲಿ ನಹಪಾನನ ಮುಖದ ಮೇಲೆಯೇ ಇನ್ನೊಂದು ಮುದ್ರೆ ಬಿದ್ದಿತ್ತು: ಮೂರು ಕಮಾನಿನ ಬೆಟ್ಟ, ಸಾತಕರ್ಣಿಯ ಹೆಸರು. ಗೌತಮೀಪುತ್ರ ಸಾತಕರ್ಣಿ ಕ್ಷಹರಾತರನ್ನು ನಿರ್ಮೂಲ ಮಾಡಿದನೆಂದು ನಾಸಿಕದ ಪಾಂಡವಲೇಣಿ ಗುಹೆಯ ಶಾಸನ ಹೇಳುತ್ತದೆ. ತಾಯಿ ಮಗನನ್ನು ಹೊಗಳಿ ಬರೆಸಿದ ಆ ಮಾತಿಗೆ ಸಾಕ್ಷಿ ಹೇಳಿದ್ದು ಈ ನಾಣ್ಯಗಳು. ಅಷ್ಟನ್ನೂ ಅಕ್ಕಸಾಲಿಗನ ಕುಲುಮೆಗೆ ಹಾಕಿದ್ದರೆ ಒಂದಿಷ್ಟು ಬೆಳ್ಳಿ ಗಟ್ಟಿ ಸಿಗುತ್ತಿತ್ತು, ಅಷ್ಟೆ.

ನಮ್ಮ ಬೆಂಗಳೂರಿನಲ್ಲೂ ಇಂಥದ್ದು ಆಗಿದೆ. 1891ರಲ್ಲಿ ಯಶವಂತಪುರದ ಬಳಿ ರೈಲು ಹಳಿಗಾಗಿ ಅಗೆಯುವಾಗ ಮಡಕೆಯೊಂದರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಊರಿಗೆ ಹೋಗುವಾಗ ಆ ಸ್ಟೇಷನ್ನಿನಲ್ಲಿ ಎಷ್ಟು ಸಲ ಇಳಿದಿದ್ದೇವೆ! ಆದರೂ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಸಂಗ್ರಹ ಶುರುಮಾಡುವವರಿಗೆ ನನ್ನ ಅನುಭವದ ನಾಲ್ಕು ಮಾತು. ಪರವಾನಗಿ ಇರುವ ವ್ಯಾಪಾರಿಯಿಂದಲೇ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತು. ವಿದೇಶದಲ್ಲಿರುವ ಮಕ್ಕಳಿಗೆಂದು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹೊಲದಲ್ಲೋ ಪಾಯ ತೋಡುವಾಗಲೋ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, 1878ರ ಕಾಯ್ದೆ ಇದೆ. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯ ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರವೇ ಸವೆದುಹೋದೀತು. ಅದು ಯಾರಿಂದ ಬಂತು, ಯಾವ ಊರಿನದು ಎಂದು ಅಜ್ಜಿ ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಊರು ತಿಳಿಯದ ನಾಣ್ಯ ಹೇಳುವುದು ಅರ್ಧ ಕಥೆಯನ್ನಷ್ಟೇ.

ನನ್ನ ಮುನ್ನೂರು ರೂಪಾಯಿಯ 'ರೋಮನ್' ಈಗಲೂ ಇದೆ. ಮೇಲೆ ಬರೆದಿಟ್ಟಿದ್ದೇನೆ: ನಕಲಿ, ಗೋದಾವರಿ ಘಾಟು, ಭಾನುವಾರ.